ಡಂಪರಿಗೆ ಭಂಡಾರ

ಅರವತ್ತನಾಲ್ಕರ ಕಾರ್ತಿಕದಲ್ಲಿ, ಮುದಲಗಿಯ ಆಚೆ, ಹೊಸ ಕಾಲುವೆಯ ಒಡ್ಡನ್ನು ಏಡಿಗಳು ಕೊರೆದವು. ಮುಂಜಾನೆ ಹೆಬ್ಬೆರಳಷ್ಟಿದ್ದ ತೂತು ಹೊತ್ತೇರುವಷ್ಟರಲ್ಲಿ ಎತ್ತು ನುಗ್ಗುವಷ್ಟಾಯಿತು. ನೀರು ನಿಲ್ಲಿಸಲು ತೂಬಿನ ಕಡೆಗೆ ಸೈಕಲ್ ಮೇಲೆ ಆಳು ಹೋಗಿದ್ದ. ಆದರೆ ಕಾಲುವೆಯಲ್ಲಿ ಆಗಲೇ ಹೊರಟುಬಂದಿದ್ದ ನೀರಿಗೆ ಆ ಸುದ್ದಿ ಮುಟ್ಟಿರಲಿಲ್ಲ.

ಒಡ್ಡಿನ ಬುಡದಲ್ಲೇ ಮಾಯಪ್ಪನ ಓಣಿ. ಮಂದಿ, ದನಕರು ಎಲ್ಲ ದಿನ್ನೆ ಏರಿದ್ದರು. ಏರಲಾಗದ್ದು ಜೋಳ. ಓಣಿಯ ವರ್ಷದ ಕೂಳೆಲ್ಲ ನೆಲದೊಳಗಿನ ಹಗೇವುಗಳಲ್ಲಿತ್ತು. ಒಮ್ಮೆ ಒಳಗೆ ನೀರಿಳಿದರೆ ಕೊಳೆತು ಹೋದಂತೆಯೇ. ಮಾಯಪ್ಪನ ತಾಯಿ ಗುಡ್ಡವ್ವ ತಮ್ಮ ಹಗೇವಿನ ಬಾಯಿಗೆ ಮುಚ್ಚಿದ ಬಂಡೆಯ ಮೇಲೆ ಕೂತುಬಿಟ್ಟಿದ್ದಳು. ಬೇಕಾದರೆ ನೀರೇ ಬಂದು ಎಬ್ಬಿಸಲಿ ಎಂಬ ಹಟ.

ಮಾಯಪ್ಪ ಕಾಲುವೆ ಗುತ್ತಿಗೆದಾರನ ಡಂಪರ್ ಓಡಿಸುತ್ತಿದ್ದ. ಅಮೇರಿಕೆಯಿಂದ ಬಂದ ಆ ಆನೆಗೆ ಪವರ್ ಸ್ಟೇರಿಂಗು. ಪಂಪು ಎಣ್ಣೆ ನೂಕಿದರೆ ಒಂದು ಬೆರಳಿಗೆ ಗಾಲಿ ಹೊರಳಬೇಕು. ಮಳೆಗಾಲದಿಂದೀಚೆ ಪವರ್ ಹೆಸರಲ್ಲಷ್ಟೇ ಉಳಿದು, ಪಂಪು ತಾಯಿ ಬಿಟ್ಟ ಕರುವಿನ ಹಾಗೆ ಅರಚುತ್ತಿತ್ತು. ಇವತ್ತು ಇಕ್ಕಟ್ಟಾದ ಒಡ್ಡಿನ ಮೇಲೆ ಗಾಡಿ ತಿರುಗಿಸಿ, ಹಿಂದಕ್ಕೆ ಸರಿದು, ಒಡಕಿನ ಬಾಯಿಗೆ ಮಣ್ಣು ಸುರಿಯಬೇಕು. ಮಾಯಪ್ಪ ಎದೆಗೊಟ್ಟು ಒತ್ತಿದರೂ ಸ್ಟೇರಿಂಗು ಜಗ್ಗಲಿಲ್ಲ.

ಗೋಕಾಕದ ಅಪ್ಪಣ್ಣ ಮಿಸ್ತ್ರಿ ಗಾಡಿಯ ಕೆಳಗೆ ನುಸುಳಿ, ಒತ್ತಡ ಏರಲೆಂದು, ಪಂಪಿನ ಒತ್ತಡ ಹಿಡಿಯುವ ಸ್ಪ್ರಿಂಗಿನ ಹಿಂದೆ ಒಂದು ವಾಶರ್ ತುರುಕಿದ. ಅರಚಾಟ ಹೆಚ್ಚಿತು, ಗಾಲಿ ಇದ್ದಲ್ಲೇ ಇತ್ತು. ಇನ್ನೊಂದು ಹಾಕಿರೆಂದು ಮಾಯಪ್ಪ ಕೈ ಮುಗಿದ. ಅದನ್ನೂ ಹಾಕಿದ ಮಿಸ್ತ್ರಿ, ಪಂಪಿನ ದನಿಯನ್ನು ಮೂಗಿನಲ್ಲೇ ಅಣಕಿಸಿ ತಲೆ ಅಲ್ಲಾಡಿಸಿದ.

“ಒತ್ತಡ ಎಷ್ಟ ಕೊಟ್ರ ಏನ್ ಬಂತು ಮಾಯಪ್ಪಾ, ಎಣ್ಣಿ ಹರಿಯಾಕs ವಲ್ದು. ಒಣಾ ಬಾವಿಗೆ ಎತ್ತ ಹೂಡಿದಂಗ ಆಗೇತಿ.”

ಪಂಪಿನ ಎಣ್ಣೆಯ ಡಬ್ಬಿ ಬಿಚ್ಚಿ, ತಳದ ಜಾಲರಿಯನ್ನು ಹೊರತೆಗೆದ. ಜಾಲರಿಯ ಕಣ್ಣೆಲ್ಲ ಹಳದಿ ರಾಡಿಯಿಂದ ಮುಚ್ಚಿತ್ತು. ಮೂಸಿದರೆ ಅರಿಷಿಣದ ವಾಸನೆ.

ಅಮಾವಾಸ್ಯೆಗೊಮ್ಮೆ ಗಾಡಿಪೂಜೆ ಮಾಡಿ ದೇವರ ಭಂಡಾರದ ಅರಿಷಿಣ ಎರಚುವಾಗ, ಶಕ್ತಿ ಬರಲೆಂದು ಆ ಡಬ್ಬಿಯೊಳಗೂ ಚಿಟಿಕೆ ಹಾಕಿದವನು ಮಾಯಪ್ಪನೇ. ಸ್ಟೇರಿಂಗು ಬಿಗಿದಷ್ಟೂ ಭಕ್ತಿ ಹೆಚ್ಚಿ, ಚಿಟಿಕೆ ಹೋಗಿ ಹಿಡಿಯಾಗಿತ್ತು.

“ದ್ಯಾವರನ್ನ ತಂದು ಗಂಟಲಾಗ ತುರುಕಿದ್ರ ಅದು ನುಂಗೂದರ ಹ್ಯಾಂಗೋ?” ಎಂದ ಅಪ್ಪಣ್ಣ.

ಜಾಲರಿಯನ್ನು ಡೀಸೆಲ್ಲಿನಲ್ಲಿ ತಿಕ್ಕಿ ತೊಳೆದು, ಹೊಸ ಎಣ್ಣೆ ಹೊಯ್ದರು. ಅರಚಾಟ ನಿಂತಿತು, ಗಾಲಿ ಕರೆದತ್ತ ಬಂತು. ಮಾಯಪ್ಪ ಮಣ್ಣಿನ ಮೇಲೆ ಮಣ್ಣು ತಂದು ಸುರಿದ. ಒಡಕು ಕಿರಿದಾಗುತ್ತ ಬಂತು. ಆದರೆ ಆ ಅವಸರದಲ್ಲಿ ಎರಡೂ ವಾಶರ್ ತೆಗೆಯುವುದು ಇಬ್ಬರಿಗೂ ನೆನಪಾಗಲಿಲ್ಲ.

ಮಣ್ಣು ತುಂಬಿದ ಡಂಪರನ್ನು ತಿರುಗಿಸಲೆಂದು ಸ್ಟೇರಿಂಗು ಪೂರಾ ಎಳೆದದ್ದೇ ತಡ, ಏರಿದ ಒತ್ತಡಕ್ಕೆ ಎಣ್ಣೆಯ ಪೈಪು ಒಡೆದು ಕಾರಂಜಿಯಾಯಿತು. ಸ್ಟೇರಿಂಗು ಕಲ್ಲಾಯಿತು. ಗಾಡಿಯ ಮೂತಿ ನೇರ ಒಡಕಿಗೆ. ಆಗಷ್ಟೇ ಸುರಿದ ಮಣ್ಣನ್ನೂ ನೀರು ನೆಕ್ಕಿ ಒಯ್ಯುತ್ತಿತ್ತು. ಕೆಳಗೆ ಗುಡ್ಡವ್ವನ ಸೀರೆಯ ಅಂಚು ತೊಯ್ದಿತ್ತು. ಅವಳು ಬಂಡೆಯನ್ನು ಎರಡೂ ಕೈಯಿಂದ ತಬ್ಬಿದ್ದಳು. ಇಳಿದು ಬಾರೋ ಎಂದು ಅಪ್ಪಣ್ಣ ಕೂಗಿದ.

ಇಳಿದರೆ ನೌಕರಿ ಉಳಿಯುತ್ತಿತ್ತು, ಜೋಳವಲ್ಲ. ಮಾಯಪ್ಪ ಗೇರು ಹಾಕಿದ, ಕ್ಲಚ್ಚು ಬಿಟ್ಟ, ಬಾಗಿಲಿನಿಂದ ಹಾರಿಕೊಂಡ.

ಡಂಪರು ಮಣ್ಣಿನ ಸಮೇತ ಮೂತಿ ಕೆಳಗಾಗಿ ಒಡಕಿನಲ್ಲಿ ಕೂತಿತು. ಸಂದುಗೊಂದಿಗೆ ಮಂದಿ ಕಬ್ಬಿನ ಒಣಗರಿಯ ರವದಿ, ಕೆಸರು, ಹರಕು ಕೌದಿ ತುಂಬಿದರು. ನೀರು ನೂಲಿನಷ್ಟಾಯಿತು.

ಸಂಜೆ ಹಗೇವಿನ ಬಂಡೆ ಸರಿಸಿ ನೋಡಿದರೆ ಬಾಯಿಗೆ ಮೆತ್ತಿದ ಮಣ್ಣಷ್ಟೇ ಒದ್ದೆ. ಜೋಳ ಒಣಗಿಯೇ ಇತ್ತು. ಗುತ್ತಿಗೆದಾರನ ಜೀಪು ಹುಕ್ಕೇರಿಯಿಂದ ಹೊರಟಿದೆಯೆಂಬ ಸುದ್ದಿಯೂ ಅಷ್ಟೊತ್ತಿಗೆ ಬಂತು. ಗುಡ್ಡವ್ವ ಹಿಡಿ ತುಂಬ ಭಂಡಾರ ತಂದು, ಮುಳುಗಿದ ಗಾಡಿಯ ಬೆನ್ನ ಮೇಲೆ ಬಾಗಿದಳು. ಮಾಯಪ್ಪ ಅವಳ ಮುಂಗೈ ಹಿಡಿದ.

“ಯವ್ವಾ, ಹೊರಗಷ್ಟs ಹಾಕು.”