ಏಣಿ ಇಲ್ಲದೆ ಹತ್ತಿ ಬನ್ನಿ

ಹಿತ್ತಲಲ್ಲಿ ಹೊಂಡ ತೋಡಿದ ದಿನದಿಂದ ಅಜ್ಜಿಯ ಹೊಲಿಗೆ ಕೆಟ್ಟುಹೋಗಿತ್ತು. ಮೂವತ್ತು ವರ್ಷ ಬೀದಿಯವರ ಬಟ್ಟೆಯನ್ನೆಲ್ಲ ಹೊಲಿದ ಕೈ ಅದು. ಮೊನ್ನೆ ಒಂದು ಅಂಗಿಗೆ ಎರಡೂ ಎಡಗಡೆಯ ತೋಳನ್ನೇ ಹಚ್ಚಿಟ್ಟಿತ್ತು. ಮಷಿನ್ನನ್ನು ಅವಳು ಹಿತ್ತಲ ಬಾಗಿಲಿಗೆ ಎಳೆದು ತಂದಿದ್ದಳು. ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಮೊಮ್ಮಗಳ ಮೇಲೆ. ಮೊಮ್ಮಗಳಿಗೆ ಒಂದೂವರೆ ವರ್ಷ. ನಡೆಯಲು ಕಲಿತು ತಿಂಗಳಾಗಿಲ್ಲ, ಆಗಲೇ ಓಡುವ ಅವಸರ.

ಮೀನು ಸಾಕುವ ಯೋಚನೆ ಸೊಸೆಯದು. ಹಿತ್ತಲು ಖಾಲಿ ಬಿದ್ದಿದೆ, ಬಾವಿ ಪಕ್ಕದಲ್ಲೇ ಇದೆ, ಮನೆಯಲ್ಲೇ ತಾಜಾ ಮೀನು ಸಿಕ್ಕರೆ ಮಗುವಿನ ಮೈಗೆ ಒಳ್ಳೆಯದು ಎಂದು ಅವಳ ಆಸೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ತೋಡಿದವನು ಮಗ, ಗಾರೆ ಕೆಲಸದ ಮೇಸ್ತ್ರಿ. ಇಷ್ಟು ವರ್ಷ ನೀರಿನ ತೊಟ್ಟಿ ಕಟ್ಟಿದವನು ಹೊಂಡವನ್ನೂ ತೊಟ್ಟಿಯ ಹಾಗೇ ತೋಡಿದ. ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚು ಆಳ. ತೂಗುಗುಂಡು ಇಳಿಬಿಟ್ಟು ನೋಡಿದರೂ ನಾಲ್ಕು ಗೋಡೆಗಳಲ್ಲಿ ಕೂದಲೆಳೆಯಷ್ಟು ಓರೆಯಿಲ್ಲ.

“ಬಾವಿಗಾದ್ರೂ ಕಟ್ಟೆ ಇದೆ. ಇದಕ್ಕೇನಿದೆಯೋ?” ಎಂದು ಅಜ್ಜಿ ಕೇಳಿದಳು.

“ಮೊದ್ಲು ನೀರು ತುಂಬ್ಲಿ, ಬೇಲಿ ಆಮೇಲೆ ನೋಡೋಣ. ಮೀನು ನಿನ್ನ ಕಚ್ಚಲ್ಲಮ್ಮ, ಹೆದರ್ಬೇಡ.”

“ಮೀನಿಗ್ಯಾರೋ ಹೆದರಿದ್ರು?”

ಮಗ ನಕ್ಕುಬಿಟ್ಟ. ಅಂದಿನಿಂದ ಮನೆಯಲ್ಲಿ ಅವಳಿಗೆ ‘ಪುಕ್ಕಲಮ್ಮ’ ಎಂದೇ ಹೆಸರಾಯಿತು.

ಪುಕ್ಕಲಮ್ಮ ಇನ್ನೇನು ಮಾಡಿಯಾಳು? ಮಗುವಿನ ಫ್ರಾಕಿನ ಅಂಚಿಗೆ ಎರಡು ಗೆಜ್ಜೆ ಹೊಲಿದಳು. ಘಲ್ ಘಲ್ ಎನ್ನುತ್ತಿದ್ದರೆ ಮಗು ಹತ್ತಿರದಲ್ಲೇ ಇದೆ ಎಂದು ಲೆಕ್ಕ. ಹಗಲೆಲ್ಲ ಅವಳ ಕಿವಿ ಆ ಸದ್ದಿಗೇ ಅಂಟಿಕೊಂಡಿರುತ್ತಿತ್ತು.

ಆ ದಿನ ಬೆಳಿಗ್ಗೆ ದೊಡ್ಡ ಮಳೆ ಸುರಿದು ನಿಂತಿತ್ತು. ಹೊಂಡದ ತಳದಲ್ಲಿ ಮೊಣಕಾಲುದ್ದ ಕೆಂಪು ನೀರು. ಮಗ ಹೊಂಡದ ಏಣಿಯನ್ನು ಹೆಗಲಿಗೇರಿಸಿಕೊಂಡು ಕೆಲಸಕ್ಕೆ ಹೋಗಿದ್ದ. ಸೊಸೆ ಮೀನಕ್ಕನನ್ನು ಕರೆತರಲು ಹೋಗಿದ್ದಳು. ಮೀನಕ್ಕ ಎಂದರೆ ಮೀನುಗಾರಿಕೆ ಇಲಾಖೆಯ ಕಾರ್ಯಕರ್ತೆ. ಮನೆಮನೆಗೆ ಹೋಗಿ ಮೀನು ಸಾಕುವುದನ್ನು ಕಲಿಸುವವರು. ಅಜ್ಜಿ ಕೂತು ಕಾಜಾ ಹೊಲಿಯುತ್ತಿದ್ದಳು. ಒಮ್ಮೆಲೇ ಮನೆಯೆಲ್ಲ ಸುಮ್ಮನಾದ ಹಾಗಾಯಿತು. ಗೆಜ್ಜೆಯ ಸದ್ದೇ ಇಲ್ಲ.

“ಪುಟ್ಟೀ...”

ಮಂಚದ ಕೆಳಗಿಲ್ಲ. ಬಾಗಿಲ ಹಿಂದಿಲ್ಲ. ಹೊಂಡದ ಕಡೆ ಓಡಿದಳು. ಕೆಂಪು ನೀರಿನಲ್ಲಿ ಹಳದಿ ಬಟ್ಟೆ ತೇಲುತ್ತಿತ್ತು. ಮಗುವಿನ ಫ್ರಾಕೂ ಹಳದಿ.

ಅಂಚಿನಲ್ಲಿ ಕೂತದ್ದಾಗಲಿ ಜಾರಿ ಇಳಿದದ್ದಾಗಲಿ ಅವಳಿಗೆ ನೆನಪಿಲ್ಲ. ಬಟ್ಟೆಯನ್ನು ಬಾಚಿಕೊಂಡಳು. ಬರೀ ಬಟ್ಟೆ. ಅವಳೇ ಕತ್ತರಿಸಿದ ತುಂಡು, ಗಾಳಿಗೆ ಹಾರಿ ಬಂದು ಬಿದ್ದಿತ್ತು. ಆದರೂ ನಂಬದೆ ಮೂಲೆಮೂಲೆಯ ನೀರನ್ನೂ ತಡಕಾಡಿದಳು. ಮಗು ಇರಲಿಲ್ಲ. ಉಸಿರು ಬಿಡುವಷ್ಟರಲ್ಲಿ ತಲೆಯ ಮೇಲೆ ಘಲ್ ಎಂದಿತು.

ಮಗು ಹೊಂಡದ ಅಂಚಿನಲ್ಲಿ ನಿಂತಿತ್ತು. ಇಷ್ಟು ಹೊತ್ತು ಚಿಂದಿ ಬಟ್ಟೆಯ ಬುಟ್ಟಿಯೊಳಗೆ ಅಡಗಿ ಕೂತಿದ್ದ ಗುರುತಿಗೆ ಕೂದಲಿಗೆಲ್ಲ ದಾರ ಸಿಕ್ಕಿಕೊಂಡಿತ್ತು. ಅಜ್ಜಿ ಕೆಳಗಿರುವುದು ಅದಕ್ಕೆ ಭಾರಿ ಮೋಜು. “ಅಜ್ಜೀ!” ಎಂದು ಬಗ್ಗಿತು. ಕಾಲಡಿಯ ಹಸಿ ಮಣ್ಣು ಒಂದು ಹಿಡಿ ಕಳಚಿ ಅಜ್ಜಿಯ ಮುಖಕ್ಕೆ ಬಿತ್ತು.

ಅಜ್ಜಿ ಗೋಡೆ ಪರಚಿದಳು. ಮಗ ಎಷ್ಟು ನುಣ್ಣಗೆ ಕಡಿದಿದ್ದನೆಂದರೆ ಬೆರಳು ಊರಲು ಜಾಗವಿಲ್ಲ. ಅವಳು ಮೊದಲೇ ಕುಳ್ಳಿ; ಕೈ ಎಷ್ಟು ಚಾಚಿದರೂ ಮಗು ಸಿಗುವುದಿಲ್ಲ. ಕಿರುಚಿದರೆ ಮಗು ಬೆಚ್ಚಿ ಬೀಳುತ್ತದೆ, ಸುಮ್ಮನಿದ್ದರೆ ಇನ್ನೂ ಬಗ್ಗುತ್ತದೆ. ಒಳಗೆ ಅಳು ಒತ್ತರಿಸಿ ಬರುತ್ತಿದ್ದರೂ ನಗುವ ದನಿ ಮಾಡಿದಳು.

“ಅಲ್ಲೇ ಕೂತ್ಕೋ ಚಿನ್ನ. ಕೂತ್ಕೊಂಡ್ರೆ ದಾರದ ಉಂಡೆ ಕೊಡ್ತೀನಿ. ಕೆಂಪು ಉಂಡೆ.”

ಮಗು ಕೂತಿತು, ಎರಡೂ ಕಾಲನ್ನು ಹೊಂಡದೊಳಗೆ ಇಳಿಬಿಟ್ಟುಕೊಂಡು. ಅಜ್ಜಿ ಇಲ್ಲದ ಉಂಡೆಯ ಕಥೆ ಹೇಳುತ್ತಲೇ ಇದ್ದಳು. ಎಷ್ಟು ಹೊತ್ತಾಯಿತೋ, ಹಿಂದಿನಿಂದ ಸದ್ದಿಲ್ಲದೆ ಎರಡು ಕೈ ಬಂದು ಮಗುವನ್ನು ಎತ್ತಿಕೊಂಡವು. ಅವು ಮೀನಕ್ಕನ ಕೈಗಳು. ಜೊತೆಗೆ ಬಂದ ಸೊಸೆ ಪಕ್ಕದ ಮನೆಯಿಂದ ಏಣಿ ತಂದು ಅಜ್ಜಿಯನ್ನು ಮೇಲೆ ಹತ್ತಿಸಿದಳು.

ಸುದ್ದಿ ಕೇಳಿ ಮಗ ಓಡಿ ಬಂದ. ಬಂದವನು ಹೆದರಿಕೆಯನ್ನು ತೋರಗೊಡದೆ ವಾದಕ್ಕೆ ನಿಂತ.

“ಅಷ್ಟೇನೂ ಆಳ ಇಲ್ಲ. ಹತ್ತಕ್ಕೆ ಯಾಕಾಗಲ್ಲ, ನೋಡಿ” ಎಂದು ಹೊಂಡಕ್ಕೆ ಧುಮುಕಿದ. ಹಾರಿದ, ಜಾರಿದ. ಮತ್ತೆ ಹಾರಿದ, ಅಂಚು ಕಳಚಿ ಮೈಮೇಲೆ ಬಿತ್ತು. ಮೂರನೇ ಸಲ ಹಾರಲಿಲ್ಲ. ತಲೆಯೆತ್ತಿ ತಾಯಿಯನ್ನು ನೋಡಿದ.

“ಅಮ್ಮಾ, ನನಗೇ ಆಗ್ತಿಲ್ಲ” ಎಂದ.

ಮೀನಕ್ಕ ಅದೇ ಏಣಿ ಇಳಿಸಿದರು. “ಮೇಸ್ತ್ರಿಗಳೇ, ತೊಟ್ಟಿ ಬೇರೆ, ಮೀನುಹೊಂಡ ಬೇರೆ. ಮೀನಿಗೆ ನಾಲ್ಕಡಿ ನೀರು ಧಾರಾಳ. ದಡ ಇಳಿಜಾರಾಗಿರ್ಬೇಕು, ಬಿದ್ದವರು ನಡ್ಕೊಂಡು ಮೇಲೆ ಬರೋ ಹಾಗೆ. ನೆಟ್ಟಗಿನ ದಡ ಮಳೆಗೆ ಕುಸಿಯುತ್ತೆ. ಈ ನೀರು ಎತ್ತಿಹಾಕಿ, ಮಣ್ಣು ಒಣಗಿದ ಮೇಲೆ ಮೇಲಿಂದ ಕಡೀತಾ ಬನ್ನಿ, ಆ ಮಣ್ಣನ್ನೇ ತಳಕ್ಕೆ ಹಾಕಿ ಬಡಿದು ದಮ್ಮಸು ಮಾಡಿ. ಆಳನೂ ಕಮ್ಮಿಯಾಗುತ್ತೆ.”

“ಜಾಗ ಸರಿಯಿದೆಯಾ ಅಕ್ಕ?” ಎಂದಳು ಸೊಸೆ. ಅವಳು ಮಗುವನ್ನು ಇನ್ನೂ ಎದೆಗವಚಿಕೊಂಡಿದ್ದಳು.

“ಜಾಗ ಚೆನ್ನಾಗಿದೆ. ಪಾಯಿಖಾನೆ ಗುಂಡಿ ದೂರ ಇದೆ, ಬಿಸಿಲು ಬೀಳುತ್ತೆ. ಬೆಳಗಿನ ನೀರು ಇಂಗಿಲ್ಲ, ಅಂದ್ರೆ ಜಿಗಟು ಮಣ್ಣು. ಆದ್ರೆ ಬೇಲಿ ಮೊದ್ಲು, ನೀರು ಆಮೇಲೆ.”

“ನಾನು ಗೆಜ್ಜೆ ಹೊಲಿದಿದ್ದೆ” ಎಂದಳು ಅಜ್ಜಿ ಮೆಲ್ಲಗೆ.

“ಗೆಜ್ಜೆ ಬೇಲಿ ಆಗಲ್ಲಮ್ಮ. ಬೇಲಿ ಇದ್ರೂ ಒಬ್ಬರ ಕಣ್ಣು ಮಗು ಮೇಲೆ ಇರ್ಲೇಬೇಕು. ಆದ್ರೂ ಈ ಮನೇಲಿ ಸರಿಯಾಗಿ ಯೋಚನೆ ಮಾಡಿದ್ದು ನೀವೊಬ್ರೇ. ಇವರು ನಿಮ್ಮನ್ನೇ ಮೊದ್ಲು ಕೇಳ್ಬೇಕಿತ್ತು.”

ಮಗ ಅಂದೇ ಹೊಂಡದ ಸುತ್ತ ತಂತಿ ಬಲೆ ಬಿಗಿದ. ಬೇಲಿ ಎದೆಯೆತ್ತರ, ಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳುವ ಗೇಟು, ಮಗುವಿನ ಕೈಗೆ ಎಟುಕದ ಚಿಲಕ. ಆಮೇಲೆ ದಡ ಇಳಿಸಿದ. ಯಾರಾದರೂ ಬಿದ್ದರೆ ಚಾಚಲು ಬೇಲಿಗೆ ಒಂದು ಹಗ್ಗ, ಒಂದು ಉದ್ದನೆಯ ಕೋಲು ಕಟ್ಟಿಟ್ಟ. ಎಲ್ಲ ಮುಗಿದ ದಿನ ತಾಯಿಯ ಮುಂದೆ ಬಂದು ನಿಂತ.

“ಅಮ್ಮ, ಇಳಿದು ನೋಡು. ನೀನು ಹತ್ತಿ ಬಂದ್ರೆ ಮಾತ್ರ ನೀರು ಬಿಡೋದು.”

ಅಜ್ಜಿ ಇಳಿದಳು. ಮೇಲೆ ಸೊಸೆಯ ಸೊಂಟದಲ್ಲಿದ್ದ ಮಗುವಿನ ಮುಖ ನೋಡುತ್ತ ಒಂದೊಂದೇ ಹೆಜ್ಜೆಯಿಟ್ಟು, ಯಾರ ಕೈಯನ್ನೂ ಹಿಡಿಯದೆ ಮೇಲೆ ಬಂದಳು.

“ಬಿಡು ನೀರು” ಎಂದಳು.

ಸುಣ್ಣ ಹಾಕಿ, ನೀರು ತುಂಬಿ, ಮರಿಗಳಿಗೆ ಮೇವಾಗುವಂತೆ ನೀರಿಗೆ ತುಸು ಹಸಿರು ಬರುವ ತನಕ ಕಾದರು. ಮೀನುಮರಿಯ ಚೀಲವನ್ನು ಸೊಸೆ ಹಾಗೇ ಸುರಿಯಹೋದಳು. ಮೀನಕ್ಕ ಅವಳ ಕೈ ಹಿಡಿದು, ಒಳಗಿನ ನೀರು ಹೊಂಡದ ನೀರಿನ ತಂಪಿಗೆ ಹೊಂದಿಕೊಳ್ಳಲೆಂದು ಚೀಲವನ್ನು ಅರ್ಧ ಗಂಟೆ ನೀರಿನಲ್ಲಿ ತೇಲಿಸಿದ ಮೇಲೆ ಬಾಯಿ ಬಿಚ್ಚಿಸಿದರು. ಅಜ್ಜಿಯ ಹೆದರಿಕೆ ಪೂರ್ತಿ ಹೋಗಿಲ್ಲ. ಈಗಲೂ ದಿನಕ್ಕೆ ಹತ್ತು ಸಲ ಚಿಲಕ ಎಳೆದು ನೋಡುತ್ತಾಳೆ. ಯಾರೂ ನಗುವುದಿಲ್ಲ.

ನಿಮ್ಮ ಹಿತ್ತಲಲ್ಲೂ ಮೀನುಹೊಂಡ ಮಾಡುವ ಆಸೆಯಿದೆಯೇ? ಖಂಡಿತ ಮಾಡಿ. ಹಾರೆ ಹಿಡಿಯುವ ಮುಂಚೆ ಮೀನುಗಾರಿಕೆಯವರನ್ನು ಕರೆಸಿ ಜಾಗ ತೋರಿಸಿ. ಇಳಿಜಾರು ದಡ ಮಾಡಿ, ಬೇಲಿ ಹಾಕಿ. ನೀರು ಬಿಡುವ ದಿನ ನಿಮ್ಮ ಮನೆಯ ಪುಕ್ಕಲಮ್ಮನನ್ನು ಕರೆಯಿರಿ. ನೀವು ದಡದಲ್ಲಿ ನಿಂತಿರಿ, ಅವರು ಒಮ್ಮೆ ಖಾಲಿ ಹೊಂಡಕ್ಕೆ ಇಳಿಯಲಿ. ಏಣಿ ಇಲ್ಲದೆ ನಡೆದು ಮೇಲೆ ಬಂದರೆ ನೀರು ಬಿಡಿ. ಬರಲಾಗದಿದ್ದರೆ, ದಯವಿಟ್ಟು ಬಿಡಬೇಡಿ.