ಬಿಡು ಅಂದ ಮಾತು

೧೯೮೬ರ ಆಗಸ್ಟ್ ೧೭, ಭಾನುವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ವೆಂಕಟಸುಬ್ಬಯ್ಯನವರ ಸ್ಕೂಟರು ನಾಗಸಂದ್ರದ ಬೈರಪ್ಪನ ಶೆಡ್ಡಿನ ಮುಂದೆ ನಿಂತಿತು. ಸಾಲಿನ ಉಳಿದ ಶೆಡ್ಡುಗಳನ್ನು ಲೇತ್ ಕೆಲಸದವರಿಗೆ ಬಾಡಿಗೆ ಕೊಟ್ಟಿದ್ದರು. ಕೊನೆಯದರಲ್ಲಿ ಬೈರಪ್ಪನ ಮಗ ನಂಜಪ್ಪ ವಿಡಿಯೋ ಗೇಮ್ ಅಂಗಡಿ ನಡೆಸುತ್ತಿದ್ದ. ವೆಂಕಟಸುಬ್ಬಯ್ಯ ಆ ಯಂತ್ರಗಳನ್ನು ಜೋಡಿಸುವ ಪೀಣ್ಯದ ಕಾರ್ಖಾನೆಯ ಇಂಜಿನಿಯರ್. ಹೊಸ ಯಂತ್ರವನ್ನು ಮಾರುವ ಮೊದಲು ಕೊನೆಯ ಹಂತದವರೆಗೂ ಆಡಿ ದೋಷ ಹುಡುಕಬಲ್ಲ ಒಬ್ಬರು ಅವರಿಗೆ ಕೆಲಸಕ್ಕೆ ಬೇಕಿದ್ದರು.

ಮೂರು ದಿನದ ಹಿಂದೆ, ಗುರುವಾರ, ರಿಪೇರಿಗೆಂದು ಬಂದಾಗ ಅವರು ಪರದೆಯ ಮೇಲೆ ೨,೦೬,೫೦೦ ಅಂಕ ನೋಡಿ ಬೆರಗಾಗಿದ್ದರು. ಪಕ್ಕದಲ್ಲಿ ಗೆದ್ದವರು ತಮ್ಮ ಗುರುತಿಗೆ ಒತ್ತುವ ಇಂಗ್ಲಿಷಿನ ಮೂರಕ್ಷರ: ಎನ್, ಬಿ, ಎನ್.

“ಯಾರ್ರೀ ಇದು?”

“ನಾನೇ ಸಾರ್. ನಾಗಸಂದ್ರ ಬೈರಪ್ಪ ನಂಜಪ್ಪ.”

ಅವನ ತಂಗಿ ನಾಗಲಕ್ಷ್ಮಮ್ಮ ಪೊರಕೆ ಹಿಡಿದು ಅಲ್ಲೇ ನಿಂತಿದ್ದಳು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದವಳು, ಅಂಗಡಿ ತೆರೆಯುವ ಮುನ್ನ ಕಸ ಗುಡಿಸಿ ಒಬ್ಬಳೇ ಆಡುತ್ತಿದ್ದಳು. ಅಂಕ ಅವಳದು. ಒಂದೇ ಊರು, ಒಬ್ಬನೇ ಅಪ್ಪ, ಇನಿಷಿಯಲ್ಲೂ ಒಂದೇ.

“ಹೈಕ್ಳು ಸೇರೋ ಜಾಗ್ದಾಗೆ ನನ್ ತಂಗಿ ಆಡ್ತಾಳೆ ಅಂತ ಏಳ್ಲಾ? ಮರ್ವಾದೆ ಬ್ಯಾಡ್ವಾ?” ಎಂದ ನಂಜಪ್ಪ, ಅವರು ಹೋದ ಮೇಲೆ. “ಕೆಲ್ಸ ಕೊಡಾಕೆ ಭಾನ್ವಾರ ಆಡ್ಸಿ ನೋಡ್ತಾರಂತೆ. ನೀನು ಇಂದೆ ನಿಂತ್ಕೊಂಡು ಮೆಲ್ಲುಕೆ ಏಳ್ಕೊಡು.”

“ಆಯ್ತಣ್ಣ.”

ಕೆಲಸ ತನಗೆ ಸೇರಬೇಕಾದದ್ದೆಂದು ಅವಳು ಜಗಳವಾಡಲಿಲ್ಲ. ಅತ್ತರೆ ಅವ್ವ ಸಮಾಧಾನ ಮಾಡುತ್ತಾಳೆ, ಕೆಲಸ ಅಣ್ಣನಿಗೇ ಹೋಗುತ್ತದೆ. ಭಾನುವಾರದವರೆಗೂ ಅವಳು ಒಂದೇ ಒಂದು ಶಬ್ದವನ್ನು ಮನಸ್ಸಿನಲ್ಲಿ ತಿರುವಿ ತಿರುವಿ ನೋಡಿದಳು.

ಆಟದಲ್ಲಿ ಒಂದು ವಿಮಾನ ಎಡದಿಂದ ಬಲಕ್ಕೆ ಹಾರುತ್ತಿತ್ತು. ನಿಲ್ಲುವಂತಿಲ್ಲ, ಹಿಂದಿರುಗುವಂತಿಲ್ಲ. ಒಂದು ಗುಂಡಿ ಒತ್ತಿದರೆ ಎದುರಿಗೆ ಗುಂಡು, ಇನ್ನೊಂದನ್ನು ಒತ್ತಿದರೆ ಕೆಳಕ್ಕೆ ಬಾಂಬು.

“ಒಂದೇ ವಿಮಾನ ನಂಜಪ್ಪ, ಹೋದ್ರೆ ಹೋಯ್ತು,” ಎಂದರು ವೆಂಕಟಸುಬ್ಬಯ್ಯ. ಭಾನುವಾರ, ರಜೆಯ ದಿನ, ಲೇತ್ ಹುಡುಗರೆಲ್ಲ ಮುತ್ತಿಕೊಂಡಿದ್ದರು. ನಾಗಲಕ್ಷ್ಮಮ್ಮ ಟೀ ಲೋಟಗಳ ತಟ್ಟೆ ಹಿಡಿದು ಅಣ್ಣನ ಬೆನ್ನಿಗೆ ನಿಂತಳು.

“ಮೇಲೆ... ಹೊಡಿ... ಬಿಡು... ಕೆಳಗೆ... ಬಿಡು.”

ಅವಳು ಬಿಡು ಎಂದಾಗಲೆಲ್ಲ ಅವನು ಬಾಂಬು ಬಿಟ್ಟ. ಕೆಳಗೆ ಎಣ್ಣೆ ಟ್ಯಾಂಕುಗಳು ಸಿಡಿದವು. ಯಂತ್ರದ ಸದ್ದಿನಲ್ಲಿ ಅವಳ ಪಿಸುಮಾತು ಬೇರೆಯವರಿಗೆ ಕೇಳಲಿಲ್ಲ.

“ಸಕ್ಕತ್ ಗುರು!” ಎಂದ ಲೇತ್ ಸೊಣ್ಣಪ್ಪ.

ಗುಹೆ ಬಂತು. ಒಳಗೆ ಸಾಲಾಗಿ ಮದ್ದಿನ ಪೀಪಾಯಿಗಳು. ಬಾಂಬು ತಗುಲಿದರೆ ಗುಹೆಯ ಸೂರೇ ಕುಸಿಯುತ್ತದೆ. ಅವನ್ನು ಮುಟ್ಟದೆ ದಾಟಬೇಕು. ಎಷ್ಟೋ ದಿನ ಬೆಳಿಗ್ಗೆ ಅಲ್ಲೇ ಸತ್ತು ಅವಳು ಕಲಿತದ್ದು ಅದು. ನಂಜಪ್ಪ ಅಲ್ಲಿಯವರೆಗೆ ಎಂದೂ ಬಂದವನಲ್ಲ.

“ನಾಗು, ಇದುಕ್ಕೆ?”

“ಬಿಡು.”

ಅವನು ಗುಂಡಿ ಒತ್ತಿದ. ಸೂರು ಕುಸಿಯಿತು. ವಿಮಾನ ಪುಡಿಯಾಯಿತು.

ಹುಡುಗರು ಗೊಳ್ಳೆಂದರು. ಸೋತಾಗ ಇನ್ನೊಬ್ಬರ ಮೇಲೆ ಹಾಕದೆ ನಂಜಪ್ಪ ಇರಲಾರ. ಅದೂ ಅವಳಿಗೆ ಗೊತ್ತಿತ್ತು.

“ನೀನೇ ಬಿಡು ಅಂದ್ಯಲ್ಲೇ!” ಎಂದು ಎಲ್ಲರೆದುರು ಕಿರುಚಿದ.

“ಬಿಡು ಅಂದ್ರೆ ಬಿಟ್ಬಿಡು, ಅದರ ತಂಟೆಗೆ ಹೋಗ್ಬೇಡ ಅಂತ ಕಣಣ್ಣ,” ಎಂದಳು ಅವಳು, ಇನ್ನೂ ಗಟ್ಟಿಯಾಗಿ.

ವೆಂಕಟಸುಬ್ಬಯ್ಯ ಅವಳ ಕಡೆ ತಿರುಗಿದರು.

“ಅಂಗಾದ್ರೆ ಆ ಎರಡು ಲಕ್ಷ ಯಾರ್ದು ಮಗಾ?” ಎಂದು ಸೊಣ್ಣಪ್ಪ ನಂಜಪ್ಪನ ಭುಜ ತಟ್ಟಿದ.

“ನಂದು ಸಾರ್,” ಎಂದಳು ನಾಗಲಕ್ಷ್ಮಮ್ಮ. “ಗುಹೆಯಾಚೆ ಇನ್ನೂ ಎರಡು ಹಂತ ಇದೆ. ಕೊನೇದ್ರಲ್ಲಿ ಚಿತ್ರ ನಡುಗುತ್ತೆ. ಅದು ನಿಮ್ಮ ಬೋರ್ಡಿನ ದೋಷ.”

ಅವರು ನಕ್ಕರು. “ಕೂತ್ಕೊಳ್ಳಮ್ಮ. ತೋರ್ಸು.”

ಹೊಸ ಆಟ ಶುರುವಾಗುವವರೆಗೆ ಹಳೆಯ ಆಟದ ಅಂಕ ಪರದೆಯ ಮೇಲಿಂದ ಅಳಿಯುವುದಿಲ್ಲ.

“ಬಿರ್ರನೆ ಶುರು ಮಾಡೇ,” ಎಂದು ನಂಜಪ್ಪ ಹಲ್ಲು ಕಚ್ಚಿದ.

“ಸಾರ್ ಟೀ ಕುಡೀಲಿ ಅಣ್ಣ. ಅವಸರ ಏನು?”

ಅವಳು ಲೋಟಗಳನ್ನು ಒಂದೊಂದಾಗಿ ಹಂಚಿದಳು. ಸೆರಗಿನ ತುದಿಯಿಂದ ಪರದೆಯ ಗಾಜು ಒರೆಸಿದಳು. ಬಾಗಿಲ ಹತ್ತಿರ ನಿಂತವರಿಗೂ ಕಾಣಲೆಂದು ಪಕ್ಕಕ್ಕೆ ಸರಿದಳು. ನಂಜಪ್ಪನ ಅಂಕ ೧೧,೨೪೦.