ಟಕ್ ಅಂದ ಮೇಲೆ

"ಕಿವುಡೀನಾ ನೀನು? ಬಾಯಿಮಟ್ಟ ಹಾಕು ಅಂದೆ."

ಕಾರಿನವನು ಕಿಟಕಿಯಿಂದ ಕತ್ತು ಹೊರಗೆ ಹಾಕಿದ್ದ. ಪೆಟ್ರೋಲ್ ಹಾಕುವ ಹೆಂಗಸು ನೋಜಲ್ ಹಿಡಿದೇ ನಿಂತಿದ್ದಳು. ಟ್ಯಾಂಕು ತುಂಬಿ, ನೋಜಲ್ ಟಕ್ಕೆಂದು ತಾನಾಗಿಯೇ ನಿಂತಿತ್ತು.

"ಕಟ್ ಆಯ್ತು ಸಾರ್. ಇನ್ನು ಹಾಕಬಾರ್ದು. ಟ್ಯಾಂಕಿನ ಆವಿ ಹಿಡಿಯೋಕೆ ಒಳಗೊಂದು ಇದ್ದಿಲಿನ ಡಬ್ಬಿ ಇರುತ್ತೆ. ಮೇಲೆ ಮೇಲೆ ತುಂಬಿದ್ರೆ ಪೆಟ್ರೋಲೇ ಅದಕ್ಕೆ ನುಗ್ಗುತ್ತೆ."

ಗ್ಯಾರೇಜಿನಲ್ಲಿ ದುಡಿಯುವ ಗಂಡ ಹೇಳಿಕೊಟ್ಟ ಮಾತು.

"ನೋಡ್ರೀ, ಈ ಮುಂಡೆ ನನ್ನ ಕಾರಿನ ಬಗ್ಗೆ ನನಗೇ ಪಾಠ ಮಾಡ್ತಾಳೆ."

ಮ್ಯಾನೇಜರ್ ಗಾಜಿನ ಕೋಣೆಯಿಂದ ಎದ್ದು ಬಂದ. "ಹಾಕೇ. ನಿನ್ನ ಬುದ್ಧಿ ಯಾರು ಕೇಳಿದ್ರು? ಕೈ ಆಡ್ಸು, ಬಾಯಿ ಮುಚ್ಚು."

ಅವಳು ಒತ್ತಿದಳು. ಟಕ್. ಮತ್ತೆ ಒತ್ತಿದಳು. ಐದನೆಯ ಸಲಕ್ಕೆ ಪೆಟ್ರೋಲು ಉಕ್ಕಿ ಮುಂಗೈ ಮೇಲೆ ಹರಿದು ಅಂಗಿಯ ತೋಳಿನೊಳಗೆ ಇಳಿಯಿತು.

"ಬಣ್ಣಕ್ಕೆ ತಾಗ್ತು, ಒರೆಸು" ಎಂದ ಕಾರಿನವನು. ತನ್ನ ಕೈಗಿಂತ ಮೊದಲು ಅವಳು ಕಾರು ಒರೆಸಿದಳು.

ನಾಲ್ಕು ದಿನಕ್ಕೆ ಅದೇ ಕಾರನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆದು ತಂದರು. ಕಾರಿನವನು ಇಳಿದವನೇ ಕೂಗಿದ.

"ನಡುರಸ್ತೇಲಿ ನಿಂತೋಯ್ತು. ವಾಸನೆಗೆ ಮಕ್ಕಳು ವಾಂತಿ ಮಾಡ್ಕೊಂಡ್ರು. ಅದೇನೋ ಡಬ್ಬಿ ಪೆಟ್ರೋಲ್ ಕುಡಿದು ಹಾಳಾಗಿದೆಯಂತೆ. ಇವಳೇ ತುಂಬಿದ್ದು."

ಮ್ಯಾನೇಜರ್ ಕಾಗದ ತಂದ. 'ನನ್ನ ಅಜಾಗರೂಕತೆಯಿಂದ ಹೆಚ್ಚು ತುಂಬಿಸಿದೆ' ಎಂದಿತ್ತು. ಅವಳು ಅದರ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ, 'ಮ್ಯಾನೇಜರ್ ಸಾಹೇಬರು ಹಾಕು ಅಂದರು' ಎಂದು ಬರೆದು ರುಜು ಹಾಕಿದಳು. ಅವನು ಓದಿ ಹರಿದ. ಒಳಗೆ ಹೋಗಿ ಡ್ರಾಯರಿನಿಂದ ಇನ್ನೊಂದು ತಂದ.

"ನಿನ್ ಕೈಗೆ ಪೆನ್ನು ಕೊಟ್ಟಿದ್ದೇ ತಪ್ಪು." ಅವಳ ಹೆಬ್ಬೆರಳು ಹಿಡಿದು ತಾನೇ ಒತ್ತಿಸಿದ.

ಕಾರಿನವನಿಗೆ ಅಷ್ಟು ಸಾಲಲಿಲ್ಲ. "ಕಾರಿನಡಿ ಬಗ್ಗಿ ಮೂಸು. ನನ್ನ ಮಕ್ಕಳು ಏನು ಅನುಭವಿಸಿದ್ರು ಗೊತ್ತಾಗ್ಲಿ."

ಹಿಂದಿನ ಚಕ್ರದ ಬಳಿ ಅವಳು ಮಂಡಿಯೂರಿದಳು. ಸುತ್ತ ನಿಂತವರೆಲ್ಲ ಮೂಗು ಮುಚ್ಚಿಕೊಂಡಿದ್ದರು.

"ಏನು ವಾಸನೆ ಬಂತು?"

"ಏನೂ ಬರ್ತಿಲ್ಲ ಸಾರ್."

"ಸುಳ್ಳು ಬೊಗಳ್ತೀಯಾ, ಬೇವರ್ಸಿ?" ಮ್ಯಾನೇಜರ್ ಅವಳ ಕತ್ತು ಹಿಡಿದು ಇನ್ನೂ ಕೆಳಗೆ ಒತ್ತಿದ.

ಅವಳು ಎದೆ ತುಂಬ ಉಸಿರೆಳೆದಳು. ಕಣ್ಣು ಉರಿಯಿತು, ಗಂಟಲು ಉರಿಯಿತು. ವಾಸನೆ ಮಾತ್ರ ಇರಲಿಲ್ಲ. ಆ ಪಂಪಿನ ಮುಂದೆ ಹನ್ನೊಂದು ವರ್ಷ ನಿಂತಿದ್ದಳು. ಪೆಟ್ರೋಲು ಹಾಕುವಾಗ ಏಳುವ ಆವಿಯನ್ನು ಹಿಂದಕ್ಕೆ ಎಳೆಯುವ ಪಂಪಿನ ಮೋಟಾರು ಕೆಟ್ಟೇ ಎರಡು ವರ್ಷವಾಗಿತ್ತು. ರಿಪೇರಿ ಮಾಡಿಸಿ ಎಂದವರಿಗೆ ಮರುದಿನ ಕೆಲಸ ಇರುತ್ತಿರಲಿಲ್ಲ. ಮೂಗು ಯಾವಾಗ ಹೋಯಿತೆಂದು ನೆನಪು ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ.

ಸಂಜೆ ಪಕ್ಕದ ಮನೆಯಿಂದ ಮಗುವನ್ನು ಕರೆತಂದು ಮಲಗಿಸಿದವಳೇ ಅಡುಗೆಗೆಂದು ಒಲೆಯ ಮುಂದೆ ನಿಂತು ಕಡ್ಡಿಪೆಟ್ಟಿಗೆ ತೆಗೆದಳು. ಆಗಷ್ಟೇ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಗಂಡ ಕೂಗಿಕೊಂಡ.

"ಕಡ್ಡಿ ಗೀರಬೇಡ ಕಣೇ! ಮನೆಯೆಲ್ಲ ಗ್ಯಾಸು. ನಿಂಗೆ ಗೊತ್ತಾಗ್ತಿಲ್ವಾ?"

"ಇಲ್ಲ" ಎಂದಳು.

ಅವನು ಸಿಲಿಂಡರ್ ಮುಚ್ಚಿ ಕಿಟಕಿಗಳನ್ನು ತೆಗೆಯುತ್ತ ಓಡಾಡಿದ. ಅವಳು ಮಲಗಿದ್ದ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಅದರ ನೆತ್ತಿಗೆ ಮೂಗು ಒತ್ತಿ ಉಸಿರೆಳೆದಳು. ಮತ್ತೆ ಎಳೆದಳು.